ಸ್ಕ್ರೂ ಮೇಲಿನ ಕುಂಕುಮ

ಈ ಸಲದ ಆಯುಧಪೂಜೆಯ ದಿನ ನಾನು ನಿಮ್ಮಿಬ್ಬರ ಕೈ ಹಿಡಿದು ತಡೆದೆ. ನೀವು ಅರಿಶಿನ ಕುಂಕುಮದ ತಟ್ಟೆ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದಿರಿ. ಮಿಕ್ಸಿ, ಹೊಲಿಗೆ ಮಿಷನ್, ಈಳಿಗೆಮಣೆ, ನಿಮ್ಮಪ್ಪನ ಸ್ಕೂಟರ್ ಎಲ್ಲ ಮುಗಿಸಿ ದೇವರ ಗೂಡಿನ ಪಕ್ಕದ ಶ್ರುತಿಪೆಟ್ಟಿಗೆಯ ಹತ್ತಿರ ಬಂದಿರಿ. ಅದರ ಮುಚ್ಚಳದ ಅಂಚಿನಲ್ಲಿ ಎಂಟು ಸ್ಕ್ರೂಗಳು ರಂಗೋಲಿಯ ಚುಕ್ಕಿಗಳಂತೆ ಕೂತಿವೆಯಲ್ಲ, ಒಂದೊಂದರ ಮೇಲೂ ಒಂದೊಂದು ಬೊಟ್ಟು ಇಡಲು ಹೊರಟಿರಿ. ಅಲ್ಲಿ ಬೇಡ, ಪಕ್ಕಕ್ಕಿಡಿ ಎಂದೆ. ಯಾಕಜ್ಜಿ ಎಂದು ಕೇಳಿದಿರಿ. ಒಲೆಯ ಮೇಲೆ ಪಾಯಸವಿದೆ ಎಂದು ಅಡುಗೆಮನೆಗೆ ಹೋಗಿಬಿಟ್ಟೆ.

ನಾಲ್ಕು ಜನರ ಮುಂದೆ ಉದ್ದಕ್ಕೆ ಮಾತಾಡಲು ನನಗೆ ಬರುವುದಿಲ್ಲ. ತ್ಯಾಮಗೊಂಡ್ಲು ಕಡೆಯ ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಮೇಷ್ಟ್ರು ಎದ್ದು ನಿಂತು ಪದ್ಯ ಹೇಳು ಎಂದರೆ ಕಂಬ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದೆ. ಅದೇ ಪದ್ಯವನ್ನು ಬರೆ ಎಂದರೆ ಒಂದು ಒತ್ತಕ್ಷರವೂ ತಪ್ಪದೆ ಬರೆಯುತ್ತಿದ್ದೆ. ಅದಕ್ಕೇ ಇದನ್ನೂ ಬರೆದು ಇಡುತ್ತಿದ್ದೇನೆ.

ಆ ಪೆಟ್ಟಿಗೆ ಮನೆಗೆ ಬಂದಾಗ ನಿಮ್ಮಮ್ಮ ದೊಡ್ಡಬಳ್ಳಾಪುರದಲ್ಲೇ ಕಾಲೇಜಿಗೆ ಹೋಗುತ್ತಿದ್ದಳು. ಈಗ ನಿಮ್ಮ ಸೈಕಲ್ಲುಗಳು ನಿಲ್ಲುವ ಮುಂದಿನ ಕೋಣೆಯಲ್ಲಿ ಆಗ ಎರಡು ಕರೆಂಟಿನ ಮಗ್ಗಗಳಿದ್ದವು. ನಿಮ್ಮ ತಾತ ರೇಷ್ಮೆ ಸೀರೆ ನೇಯುತ್ತಿದ್ದರು, ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದೆ. ಮಗ್ಗ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಅನ್ನಕ್ಕೆ ಕರೆಯುವುದು, ನೀರು ಕೇಳುವುದು, ಸಿಟ್ಟು ಮಾಡಿಕೊಳ್ಳುವುದು ಎಲ್ಲವೂ ಕೈಸನ್ನೆಯಲ್ಲೇ. ಹಾಗೆ ಇಪ್ಪತ್ತು ವರ್ಷ ಸಂಸಾರ ಮಾಡಿದೆವು. ನನಗಂತೂ ಅದು ಬಹಳ ಅನುಕೂಲವಾಗಿತ್ತು. ಆ ಸದ್ದಿನ ಒಳಗೆ ಕೂತು ನಾನು ಗಂಟಲು ಬಿಚ್ಚಿ ದೇವರನಾಮ ಹಾಡಿಕೊಳ್ಳುತ್ತಿದ್ದೆ. ಯಾರಿಗೂ ಕೇಳಿಸುವುದಿಲ್ಲ ಎಂಬುದೇ ನನ್ನ ಧೈರ್ಯ.

ಒಂದು ಮಧ್ಯಾಹ್ನ ಹಾಡಿನ ನಡುವೆ ಕರೆಂಟು ಹೋಯಿತು. ಎರಡು ಮಗ್ಗವೂ ಒಟ್ಟಿಗೆ ನಿಂತವು. ನನ್ನ ದನಿ ಮಾತ್ರ ನಿಲ್ಲಲು ಅರ್ಧ ಸಾಲು ತಡವಾಯಿತು. ಇಡೀ ಬೀದಿಯ ಮಗ್ಗಗಳೆಲ್ಲ ನಿಂತು ಊರೇ ಮೌನವಾಗಿದ್ದಾಗ ಆ ಅರ್ಧ ಸಾಲು ಎದುರುಮನೆಯ ಜಗಲಿಯವರೆಗೂ ಹೋಗಿರಬೇಕು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದೆ. ನಿಮ್ಮ ತಾತ ಸೀರೆ ಕೊಡಲು ಬೆಂಗಳೂರಿಗೆ ಹೋದ ಮುಂದಿನ ಸಲ ಬಸ್ಸಿನಿಂದ ಒಂದು ರಟ್ಟಿನ ಡಬ್ಬ ಹೊತ್ತುಕೊಂಡು ಬಂದರು. ಒಳಗೆ ಕಪ್ಪು ತಗಡಿನ ಪೆಟ್ಟಿಗೆ. ಪ್ಲಗ್ ಹಾಕಿದರೆ ತಂಬೂರಿ ಮೀಟಿದ ಹಾಗೆ ಒಂದೇ ಸಮ ಶ್ರುತಿ ಕೊಡುತ್ತದೆ, ತಂತಿಯಿಲ್ಲ, ಗಾಳಿಯೂ ಬೇಡ. "ಒಬ್ಳೇ ಹಾಡ್ಬೇಡ," ಎಂದರು. "ಇದು ಜೊತೇಲಿರ್ತದೆ."

ಮೊದಲ ದಿನ ಅದು ನನಗೆ ಹೊಂದಲಿಲ್ಲ. ಗಂಡಸರ ದನಿಗೆ ಮಾಡಿದ ಪೆಟ್ಟಿಗೆಯಂತೆ. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರೂ ಅದರ ಶ್ರುತಿ ನನ್ನ ಗಂಟಲಿನ ಕೆಳಗೇ ನಿಂತುಬಿಡುತ್ತಿತ್ತು. ನಾನು ಅದಕ್ಕಾಗಿ ದನಿ ಇಳಿಸಿದರೆ ಗಂಟಲು ಕಟ್ಟುತ್ತಿತ್ತು. ಹೊಸದಲ್ಲವಾ, ಎರಡು ದಿನ ಕರೆಂಟಿನ ಬಿಸಿಗೆ ಕಾಯಲಿ, ತಾನಾಗಿ ಏರುತ್ತದೆ ಎಂದರು ನಿಮ್ಮ ತಾತ. ಹೊಸ ಮಗ್ಗವೂ ಓಡಿ ಓಡಿ ಹದಕ್ಕೆ ಬರುವುದನ್ನು ನೋಡಿದವಳು ನಾನು, ನಂಬಿದೆ. ಎರಡು ದಿನ ಬಿಟ್ಟು ಹಾಕಿದಾಗ ಅದು ನಿಜವಾಗಿ ಏರಿತ್ತು. ಗುಂಡಿಯನ್ನು ಮುಕ್ಕಾಲು ತಿರುಗಿಸಿದರೆ ಸರಿಯಾಗಿ ನನ್ನ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಆಮೇಲೆ ಅದನ್ನು ಮುಂದಿಟ್ಟುಕೊಂಡು ಶನಿವಾರದ ಭಜನೆಗೂ ಹೋಗತೊಡಗಿದೆ. ನನ್ನ ಮುಂದೆ ಅದು ಹಾಡುತ್ತಿರುವಾಗ ನಾನು ಅದರ ಹಿಂದೆ ನಿಂತ ಹಾಗಿರುತ್ತಿತ್ತು.

ನಿಮ್ಮ ತಾತನಿಗೂ ನನಗೂ ವರ್ಷಕ್ಕೊಂದು ಜಗಳ ಖಂಡಿತ ಇರುತ್ತಿತ್ತು. ಆಯುಧಪೂಜೆಯ ದಿನ ನಾನು ಮಗ್ಗದ ನಟ್ಟು ಬೋಲ್ಟುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚುವುದು, ಮಾರನೆಯ ಬೆಳಿಗ್ಗೆ ಅವರು ಹಳೆ ಬಟ್ಟೆಯಿಂದ ಎಲ್ಲವನ್ನೂ ಒರೆಸುವುದು. ಶ್ರುತಿಪೆಟ್ಟಿಗೆ ಬಂದ ಮೇಲೆ ಅದರ ಸ್ಕ್ರೂಗಳನ್ನೂ ಹಾಗೇ ಒರೆಸುತ್ತಿದ್ದರು, ಪಿನ್ನಿನ ತುದಿಯಿಂದ ಸಂದಿಯನ್ನೂ ಕೆದಕುತ್ತಿದ್ದರು. ದೇವರಿಗೆ ಇಟ್ಟ ಕುಂಕುಮವನ್ನು ಒರೆಸುತ್ತಾರಾ ಎಂದು ನಾನು ರೇಗುತ್ತಿದ್ದೆ.

"ಪೂಜೆ ಆಯ್ತಲ್ಲ ಕಣೇ," ಎನ್ನುತ್ತಿದ್ದರು. "ಇನ್ ಅದು ಕೆಲ್ಸ ಮಾಡ್ಬೇಕಲ್ಲ."

ಅವರು ಹೋಗಿ ಆರು ವರ್ಷವಾಯಿತು. ಆಮೇಲೆ ಮಗ್ಗಗಳನ್ನೂ ತೆಗೆದೆವು. ನನ್ನ ಹಣೆಗೆ ಕುಂಕುಮ ಇಟ್ಟುಕೊಳ್ಳುವುದನ್ನು ನಾನು ಬಿಟ್ಟೆ. ನಿಮ್ಮಮ್ಮ ಇಟ್ಟುಕೋ ಎಂದು ಎಷ್ಟು ಹೇಳಿದರೂ ಕೈ ಏಳಲಿಲ್ಲ. ಆದರೆ ಭರಣಿಯಲ್ಲಿ ಕುಂಕುಮ ಇತ್ತು, ಬೆರಳಿಗೆ ಅಭ್ಯಾಸವೂ ಇತ್ತು. ಹೀಗಾಗಿ ವಸ್ತುಗಳಿಗೆ ಹಚ್ಚುವುದು ಹೆಚ್ಚಾಯಿತು. ಆಯುಧಪೂಜೆಗೆ ಮಾತ್ರವಲ್ಲ, ಶುಕ್ರವಾರ ಶುಕ್ರವಾರ ಆ ಎಂಟು ಸ್ಕ್ರೂಗಳ ಮೇಲೆ ನೀರಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ. ಒರೆಸುವವರು ಇರಲಿಲ್ಲ. ಹಳೆಯದರ ಮೇಲೆ ಹೊಸದು ಕೂತು, ಒಣಗಿ, ಮತ್ತೆ ನೆನೆದು, ಎಂಟು ಸಣ್ಣ ಗುಬುಟುಗಳಾದವು. ನನ್ನ ಕಣ್ಣಿಗೆ ಅದು ಲಕ್ಷಣವಾಗಿಯೇ ಕಾಣುತ್ತಿತ್ತು.

ಹೋದ ವರ್ಷ ಕಾರ್ತಿಕದ ಒಂದು ಶನಿವಾರ ಪೆಟ್ಟಿಗೆ ಮಾತಾಡಲಿಲ್ಲ. ಪ್ಲಗ್ ಬದಲಿಸಿ ನೋಡಿದೆ, ಕೆಂಪು ದೀಪವೂ ಹತ್ತಲಿಲ್ಲ. ಆವತ್ತು ಭಜನೆಯಲ್ಲಿ ಕೂತೆ, ತಾಳ ಹಾಕಿದೆ, ಬಾಯಿ ತೆರೆಯಲು ಆಗಲಿಲ್ಲ. ನೀವಿಬ್ಬರೂ ನನ್ನ ಫೋನಿನಲ್ಲಿ ಶ್ರುತಿ ಬರುವ ಹಾಗೆ ಮಾಡಿಕೊಟ್ಟಿರಿ. ನಿಮ್ಮ ಮೇಲೆ ನನಗೆ ಎಷ್ಟು ಪ್ರೀತಿ ಬಂತು ಎಂದರೆ ಅದನ್ನು ಬಳಸಲೇಬೇಕು ಎಂದುಕೊಂಡೆ. ಆದರೆ ಮಂಗಳಾರತಿಯ ಹೊತ್ತಿಗೆ ಅದೇ ಫೋನಿಗೆ ಯಾರೋ ಸಾಲ ಬೇಕಾ ಮೇಡಂ ಎಂದು ಕರೆ ಮಾಡಿದರು. ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಅದು ದೊಡ್ಡ ತೊಂದರೆಯಲ್ಲ. ನನ್ನ ಜಾಗ ಆ ಫೋನಿನಲ್ಲಿ ಎಲ್ಲಿದೆ ಎಂದು ನನಗೆ ಹುಡುಕಲು ಬರಲಿಲ್ಲ. ಅದಕ್ಕೆ ಹೆಸರಿದ್ದರೆ ಹೇಳುತ್ತಿದ್ದೆ. ಪೆಟ್ಟಿಗೆಯ ಗುಂಡಿ ಮುಕ್ಕಾಲು ತಿರುಗಿದಾಗ ಬರುವುದು, ಅಷ್ಟೇ ನನಗೆ ಗೊತ್ತಿದ್ದದ್ದು. ಫೋನಿನ ಶ್ರುತಿಯಲ್ಲಿ ಹಾಡಿದರೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡ ಹಾಗಾಗುತ್ತಿತ್ತು. ಪೆಟ್ಟಿಗೆ ಮತ್ತೆ ಮಾತಾಡದಿದ್ದರೆ ನಾನೂ ಹಾಡುವುದಿಲ್ಲ ಎಂದು ಮನಸ್ಸಿಗೆ ಅನಿಸಿಬಿಟ್ಟಿತು.

ಇಲ್ಲಿಯವರೆಗೆ ಯಾರಿಗೂ ಹೇಳದ ಒಂದು ಮಾತು ಈಗ ಬರೆಯಬೇಕು. ಒಂದು ಬೆಳಿಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ನಾನೇ ಪೆಟ್ಟಿಗೆ ಬಿಚ್ಚಲು ಕೂತೆ. ತಾತನ ಟೂಲ್ ಡಬ್ಬಿಯಲ್ಲಿದ್ದ ಸ್ಕ್ರೂಡ್ರೈವರುಗಳೆಲ್ಲ ಮಗ್ಗದವು, ಹೆಬ್ಬೆರಳು ಗಾತ್ರ. ತರಕಾರಿ ಚಾಕುವಿನ ತುದಿ ಸರಿಹೋಯಿತು. ದೇವರ ಗೂಡಿನ ಮುಂದೆಯೇ ಕೂತು ಮೂಲೆಯ ಒಂದು ಸ್ಕ್ರೂವಿಗೆ ಚಾಕು ಕೊಟ್ಟು ತಿರುವಿದೆ. ಜಾರಿತು. ಇನ್ನೂ ಬಲ ಹಾಕಿದೆ. ಮತ್ತೆ ಜಾರಿತು. ಪುಡಿ ಉದುರಿತು, ಕೆಂಪು ಹಳದಿ ಪುಡಿಯ ಜೊತೆ ಬೆಳ್ಳಗೆ ಹೊಳೆಯುವ ಕಬ್ಬಿಣದ ಚೂರೂ ಇತ್ತು. ಅದನ್ನು ನೋಡಿದ ಮೇಲೆ ಚಾಕು ಕೆಳಗಿಟ್ಟೆ. ಸ್ಕ್ರೂವಿನ ತಲೆಯಲ್ಲಿದ್ದ ಪ್ಲಸ್ ಗುರುತಿನಂಥ ಕೂಡುಗೆರೆ ಕೆಟ್ಟು ಹಳ್ಳವಾಗಿತ್ತು. ಅದರ ಮೇಲೆ ಮತ್ತೆ ಅರಿಶಿನ ಮೆತ್ತಿ ಮುಚ್ಚಿದೆ.

ಸಂಕ್ರಾಂತಿ ಕಳೆದ ಮೇಲೆ ಭಜನೆಯ ಹಾರ್ಮೋನಿಯಂನವರು ಒಂದು ಅಂಗಡಿ ಹೇಳಿದರು. ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದೆ, ಗುಡಿಯ ಮೈಕೂ ಮಸೀದಿಯ ಮೈಕೂ ಅಲ್ಲೇ ರಿಪೇರಿಗೆ ಹೋಗುವುದು, ಆರ್ಕೆಸ್ಟ್ರಾದವರ ಕೀಬೋರ್ಡುಗಳೂ ಅಲ್ಲೇ ಎಂದರು. ಪೆಟ್ಟಿಗೆಯನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಹೋದೆ. ಗಂಡಸು ಯಾರೋ ಇರುತ್ತಾರೆ, ಕೊಟ್ಟು ಬಂದುಬಿಡೋಣ ಎಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಒಬ್ಬ ಹೆಂಗಸು. ನಲವತ್ತು ದಾಟಿರಬೇಕು. ಕಪ್ಪು ಬುರ್ಖಾದ ತೋಳನ್ನು ಮೊಣಕೈವರೆಗೆ ಮಡಚಿ ಎರಡು ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದಳು. ಅಂಗಡಿ ಅವಳ ಅಪ್ಪನದಂತೆ. ಅವರಿಗೆ ಕೈ ನಡುಕ ಬಂದ ಮೇಲೆ ಮಗಳೇ ಕೂತಿದ್ದಾಳೆ. ಒಳಗಿನಿಂದ ಅವರು ಉರ್ದುವಿನಲ್ಲಿ ಏನೋ ಕೇಳಿದರು, ಇವಳು ಶ್ರುತಿಪೆಟ್ಟಿಗೆ ಬಂದಿದೆ ಎಂದು ಕೂಗಿ ಹೇಳಿದಳು.

ಸೀರೆ ಬಿಚ್ಚಿದ್ದೇ ಅವಳು ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದಳು.

"ಯಾರಮ್ಮಾ ಇದಕ್ಕೆ ಶಾಸ್ತ್ರ ಮಾಡಿಸಿರೋದು? ಒಂದೊಂದ್ ಸ್ಕ್ರೂನೂ ಮದ್ವೆ ಹೆಣ್ಣಿನ ಥರ ಕೂತಿದೆ. ಇವನ್ನ ಮಣೆಯಿಂದ ಎಬ್ಬಿಸ್ಬೇಕಲ್ಲ ನಾನು."

ನಾನು ನಕ್ಕ ಹಾಗೆ ಮಾಡಿದೆ. ನಾನೇ ಎಂದು ಹೇಳಲಿಲ್ಲ. ಇಟ್ಟು ಹೋಗಿ ನಾಳೆ ಬನ್ನಿ ಎಂದಳು. ಬಿಟ್ಟು ಹೋಗಲು ಕಾಲು ಬರಲಿಲ್ಲ, ಕೂರ್ತೀನಿ ಎಂದೆ. ಅವಳು ಒಂದು ಸ್ಟೂಲು ಎಳೆದು ಕೊಟ್ಟಳು.

ನಾನು ಅಂದುಕೊಂಡದ್ದು, ಅವಳು ಸ್ಕ್ರೂಡ್ರೈವರ್ ಎತ್ತಿ ತಿರುವುತ್ತಾಳೆ ಎಂದು. ಅವಳು ಎತ್ತಿದ್ದು ಸೂಜಿ. ಮೊದಲ ಸ್ಕ್ರೂವಿನ ಮೇಲಿನ ಗುಬುಟನ್ನು ಸೂಜಿಯಿಂದ ಚೂರು ಚೂರಾಗಿ ಬಿಡಿಸಿದಳು. ಹಲ್ಲುಜ್ಜುವ ಬ್ರಷ್ಷಿಗೆ ಯಾವುದೋ ಸ್ಪಿರಿಟ್ ಅದ್ದಿ ಉಜ್ಜಿದಳು, ಊದಿದಳು, ಮತ್ತೆ ಸೂಜಿ ಹಾಕಿದಳು. ತಲೆಯ ಕೂಡುಗೆರೆಯ ನಾಲ್ಕು ಮೂಲೆಯೂ ತಳದವರೆಗೆ ಕಾಣುವ ತನಕ ಬಿಡಲಿಲ್ಲ. ಐದು ವರ್ಷದ ನನ್ನ ಶುಕ್ರವಾರಗಳು ಒಂದು ಕಾಗದದ ಮೇಲೆ ಕೆಂಪಗೆ ಗುಡ್ಡೆಯಾದವು. ಅವಳು ಆ ಪುಡಿಯನ್ನು ಎಸೆಯಲಿಲ್ಲ. ಕಾಗದ ಮಡಿಸಿ ನನ್ನ ಕೈಗೆ ಕೊಟ್ಟಳು, ದೇವರದಲ್ವಾ, ನೀವೇ ಗಿಡಕ್ಕೆ ಹಾಕಿ ಎಂದಳು.

ಆಮೇಲೆ ಸ್ಕ್ರೂಡ್ರೈವರುಗಳ ಸರದಿ. ಗೋಡೆಯಲ್ಲಿ ದೊಡ್ಡದರಿಂದ ಕಡ್ಡಿಯಷ್ಟರವರೆಗೆ ಸಾಲಾಗಿ ನೇತುಹಾಕಿದ್ದಳು. ಒಂದನ್ನು ಸ್ಕ್ರೂವಿನಲ್ಲಿ ನಿಲ್ಲಿಸಿ ಬೆರಳಿನಿಂದ ತಟ್ಟಿದಳು, ಅಲ್ಲಾಡಿತು, ತೆಗೆದಿಟ್ಟಳು. ಇನ್ನೊಂದೂ ಅಲ್ಲಾಡಿತು. ಮೂರನೆಯದು ಗೂಟದ ಹಾಗೆ ನೆಟ್ಟಗೆ ನಿಂತಿತು. ನನ್ನ ಕಣ್ಣಿಗೆ ಮೂರೂ ಒಂದೇ. ಅವುಗಳ ತುದಿಯಲ್ಲಿ ಎಳ್ಳಿನಷ್ಟು ವ್ಯತ್ಯಾಸ ಇತ್ತೋ ಇಲ್ಲವೋ. ಆ ಎಳ್ಳಿನಷ್ಟರಲ್ಲೇ ಸ್ಕ್ರೂ ಉಳಿಯುವುದೂ ಹಾಳಾಗುವುದೂ ಇದೆ ಎಂದು ಆವತ್ತು ತಿಳಿಯಿತು. ಪಕ್ಕದಲ್ಲಿ ಕರೆಂಟಿನ ಡ್ರಿಲ್ ಇತ್ತು. ಅದನ್ನು ಯಾಕೆ ಬಳಸುವುದಿಲ್ಲ ಎಂದು ಮೆಲ್ಲಗೆ ಕೇಳಿದೆ. ಅದಕ್ಕೆ ಬಲ ಇದೆ, ಬುದ್ಧಿ ಇಲ್ಲ, ಜಾರ್ತಿದೆ ಅಂತ ಅದಕ್ಕೆ ಗೊತ್ತಾಗೋ ಹೊತ್ತಿಗೆ ತಲೆ ಹೋಗಿರ್ತದೆ ಎಂದಳು.

ಎದ್ದು ನಿಂತು, ಮೈಭಾರವನ್ನೆಲ್ಲ ಅಂಗೈಗೆ ತಂದು, ಮೊದಲು ಕೆಳಕ್ಕೆ ಒತ್ತಿದಳು. ಮುದ್ದೆ ತೊಳಸುವಾಗ ಕೋಲನ್ನು ಪಾತ್ರೆಯ ತಳಕ್ಕೆ ಒತ್ತುತ್ತೇವಲ್ಲ, ಹಾಗೆ. ಮುಕ್ಕಾಲು ಪಾಲು ಬಲ ಒತ್ತುವುದಕ್ಕೆ, ತಿರುಗಿಸುವುದಕ್ಕೆ ಉಳಿದದ್ದು ಸಾಕು. ಅದೂ ನೇರವಾಗಿ ಬಿಚ್ಚಲಿಲ್ಲ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿದಳು, ಆಮೇಲೆ ಎಡಕ್ಕೆ ತಿರುಗಿಸಿದಳು. ತುಕ್ಕು ಹಿಡಿದದ್ದು ಹಾಗೆ ಮಾಡಿದರೆ ಮಿಸುಕುತ್ತದಂತೆ. ಕಿರ್ ಎಂದು ಒಂದು ಸಣ್ಣ ಸದ್ದಾಯಿತು, ಸ್ಕ್ರೂ ಬಂತು. ಮಿಸುಕದ ಎರಡಕ್ಕೆ ಕಾದ ಬೆಸುಗೆ ಕಡ್ಡಿಯ ತುದಿ ಮುಟ್ಟಿಸಿ ಕಾಯಿಸಿದಳು, ತಣಿದ ಮೇಲೆ ಅವೂ ಬಂದವು.

ನನ್ನ ಕೈಗೆ ಒಂದು ರಟ್ಟು ಕೊಟ್ಟು, ಮುಚ್ಚಳದ ಚಿತ್ರ ಬರೀರಿ, ಯಾವುದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿ ಇಡಿ ಎಂದಳು. ರಂಗೋಲಿಯ ಕೈಯಲ್ಲವಾ, ಎಂಟು ಚುಕ್ಕಿ ಅಳತೆಗೆ ಸರಿಯಾಗಿ ಇಟ್ಟೆ. ಹಾಗೆ ಚುಚ್ಚುವಾಗ ನೋಡುತ್ತೇನೆ, ಮೇಲೆ ಒಂದೇ ಥರ ಕಾಣುತ್ತಿದ್ದ ಸ್ಕ್ರೂಗಳಲ್ಲಿ ನಾಲ್ಕು ಉದ್ದ, ಮೂರು ಗಿಡ್ಡ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಒಳಗಿನ ಬೋರ್ಡನ್ನೇ ಚುಚ್ಚಿಬಿಡುತ್ತದಂತೆ. ಇಷ್ಟು ವರ್ಷ ಅವುಗಳ ಹಣೆಗೆ ಬೊಟ್ಟಿಟ್ಟವಳಿಗೆ ಅವುಗಳ ಉದ್ದ ಗಿಡ್ಡ ತಿಳಿದಿರಲಿಲ್ಲ.

ಏಳು ಬಂದವು. ಎಂಟನೆಯದು ನನ್ನ ಚಾಕು ಕಂಡ ಸ್ಕ್ರೂ.

ಅರಿಶಿನ ಬಿಡಿಸಿದ ಕೂಡಲೇ ಅವಳ ಮುಖ ಬದಲಾಯಿತು. ಯಾರೋ ಇದಕ್ಕೆ ಕೈ ಹಾಕಿದ್ದಾರೆ ಎಂದಳು. ನಾನು ರಟ್ಟನ್ನು ನೋಡುತ್ತಾ ಕೂತೆ. ಸ್ಕ್ರೂಡ್ರೈವರ್ ಇಟ್ಟು ಬಲಕ್ಕೊಮ್ಮೆ ಕೂದಲೆಳೆಯಷ್ಟು ಬಿಗಿ ಮಾಡಲು ನೋಡಿದಳು, ಕೂಡಲೇ ಜಾರಿತು. ತೋಳಿನಿಂದ ಒಂದು ರಬ್ಬರ್ ಬ್ಯಾಂಡ್ ತೆಗೆದು ನಡುವೆ ಇಟ್ಟು ಒತ್ತಿ ಮತ್ತೆ ಬಿಗಿ ಮಾಡಲು ನೋಡಿದಳು, ಆಗಲೂ ಜಾರಿತು. ಅವಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. ಇನ್ನೂ ತಿರುವಿದರೆ ಉಳಿದದ್ದೂ ಹೋಗುತ್ತದೆ, ನಿಲ್ಲಿಸುವುದನ್ನೂ ಕಲಿಯಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದಾರೆ ಎಂದಳು. ಇನ್ನು ಉಳಿದಿರುವುದು ಡ್ರಿಲ್ ಹಾಕಿ ತಲೆ ತೆಗೆಯುವುದು. ಆದರೆ ಈ ಮೂಲೆಯ ಕೆಳಗೇ ಬೋರ್ಡು ಇದೆ. ಡ್ರಿಲ್ ಒಂದು ಚೂರು ಇಳಿದರೂ, ಕಬ್ಬಿಣದ ಪುಡಿ ಒಳಗೆ ಬಿದ್ದರೂ, ಪೆಟ್ಟಿಗೆ ಮತ್ತೆ ಮಾತಾಡುತ್ತದೆ ಎಂದು ತಾನು ಹೇಳಲಾರೆ ಎಂದಳು.

"ಹಾಕ್ಲಾ ಅಮ್ಮಾ? ನೀವು ಹೇಳಿದ್ರೇ ಹಾಕೋದು."

ಶಾಲೆಯ ಕಂಬ ನೆನಪಾಯಿತು. ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ, ಕೈಯಲ್ಲಿ ಕುಂಕುಮದ ಪೊಟ್ಟಣ ಮಾತ್ರ ಇತ್ತು. ಹೇಗೆ ಬಂತೋ ಮಾತು, ಹೇಳಿಬಿಟ್ಟೆ.

"ನಾನೇ ಕಣಮ್ಮ. ಕುಂಕುಮ ಹಚ್ಚಿದ್ದೂ ನಾನೇ, ಚಾಕು ಹಾಕಿದ್ದೂ ನಾನೇ."

ಅವಳು ಬೈಯಲಿಲ್ಲ. ನನ್ನನ್ನೇ ನೋಡುತ್ತಾ, ಯಾವ ಕಡೆಗೆ ತಿರುಗಿಸಿದಿರಿ ಎಂದು ಕೇಳಿದಳು. ನನಗೆ ಅರ್ಥವಾಗಲಿಲ್ಲ. ಕೈ ಮಾಡಿ ತೋರಿಸಿ ಎಂದಳು. ಗಾಳಿಯಲ್ಲಿ ಚಾಕು ಹಿಡಿದ ಹಾಗೆ ಹಿಡಿದು ತೋರಿಸಿದೆ. ಕೈ ತಾನಾಗಿ ಬಲಕ್ಕೆ ಹೋಯಿತು. ಆಗ ನನಗೇ ಗೊತ್ತಾಯಿತು. ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ದಿನಾ ಎಡಕ್ಕೆ ತಿರುಗಿಸಿ ತೆಗೆಯುವ ಕೈ ಇದು. ಆದರೆ ಆವತ್ತು ಕೂತದ್ದು ದೇವರ ಗೂಡಿನ ಮುಂದೆ. ದೇವರ ಮುಂದೆ ಆರತಿಯಾಗಲಿ, ಊದುಬತ್ತಿಯಾಗಲಿ, ಸುತ್ತು ಬರುವುದಾಗಲಿ ಬಲಕ್ಕೆ ಅಲ್ಲದೆ ನಾನು ಏನನ್ನೂ ತಿರುಗಿಸಿದವಳಲ್ಲ. ಸ್ಕ್ರೂವನ್ನೂ ಪ್ರದಕ್ಷಿಣೆ ಹಾಕಿಸಿದ್ದೆ. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡಿದ್ದೆ.

ಅದನ್ನು ಹೇಳಿದೆ. ಅವಳಿಗೆ ನಗು ಬಂತು. ಒಳಗಿದ್ದ ಅಪ್ಪನಿಗೆ ಉರ್ದುವಿನಲ್ಲಿ ಹೇಳಿದಳು, ಅವರೂ ಕೆಮ್ಮುತ್ತಾ ನಕ್ಕರು. ನಗುತ್ತಲೇ ಅವಳು ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ಸ್ಕ್ರೂವಿನ ಮೇಲೆ ಬಾಗಿದಳು. ತಲೆ ಎತ್ತಿದಾಗ ನಗು ಹೋಗಿತ್ತು.

"ಬನ್ನಿ, ನೋಡಿ," ಎಂದು ಭೂತಗನ್ನಡಿಯನ್ನು ನನಗೆ ಕೊಟ್ಟಳು.

ಸಾಸಿವೆಯಷ್ಟಿದ್ದ ಆ ತಲೆ ಅದರಲ್ಲಿ ಒರಳಿನಷ್ಟು ದೊಡ್ಡದಾಗಿ ಕಂಡಿತು. ನಾಲ್ಕು ಗೆರೆಗೂ ಎರಡೆರಡು ಗೋಡೆ. ಬಲಕ್ಕೆ ತಿರುಗಿಸುವಾಗ ಆನಿಕೊಳ್ಳುವ ಗೋಡೆಗಳೆಲ್ಲ ಕುಸಿದು ಇಳಿಜಾರಾಗಿದ್ದವು. ಎಡಕ್ಕೆ ತಿರುಗಿಸುವಾಗ ಆನಿಕೊಳ್ಳುವ ನಾಲ್ಕು ಗೋಡೆಗಳು ಮೊದಲ ದಿನದ ಹಾಗೇ ನೆಟ್ಟಗೆ ನಿಂತಿದ್ದವು. ನನ್ನ ಚಾಕು ಅವುಗಳನ್ನು ಮುಟ್ಟಿರಲೇ ಇಲ್ಲ. ತಾನೂ ಇಷ್ಟು ಹೊತ್ತು ಬಿಗಿ ಮಾಡಲು ಬಲಕ್ಕೇ ನೋಡುತ್ತಿದ್ದೆ, ಅದಕ್ಕೇ ಜಾರಿದ್ದು ಎಂದಳು. ನಾನು ಭೂತಗನ್ನಡಿ ವಾಪಸು ಕೊಡುವುದನ್ನು ಮರೆತು ನೋಡುತ್ತಿದ್ದೆ. ಇಷ್ಟು ಚಿಕ್ಕದರೊಳಗೆ ಹೋಗಲು ಒಂದು ಗೋಡೆ, ಬರಲು ಒಂದು ಗೋಡೆ. ನಾನು ಒಂದನ್ನು ಕೆಡವಿದರೂ ಇನ್ನೊಂದು ನನಗಾಗಿ ಕಾದುಕೊಂಡಿತ್ತು.

ಅವಳು ತಲೆಗೆ ಕಾವು ಕೊಟ್ಟಳು, ತಣಿಯಲು ಬಿಟ್ಟಳು. ಮತ್ತೆ ಅದೇ ಸ್ಕ್ರೂಡ್ರೈವರ್ ನಿಲ್ಲಿಸಿ ಅದರ ಹಿಡಿಯನ್ನು ಎರಡು ಸಲ ಮೆಲ್ಲಗೆ ಕುಟ್ಟಿ ಕೂರಿಸಿದಳು. ಈ ಸಲ ಬಿಗಿ ಮಾಡಲಿಲ್ಲ. ಬಿಸ್ಮಿಲ್ಲಾ ಎಂದು ತುಟಿಯಲ್ಲೇ ಅಂದು, ಇಡೀ ಭಾರ ಹಾಕಿ ಎಡಕ್ಕೆ ತಿರುಗಿಸಿದಳು. ನಾನು ರಾಮ ರಾಮ ಎನ್ನುತ್ತಿದ್ದೆ. ಕಿರ್ ಎನ್ನಲಿಲ್ಲ, ಟಕ್ ಎಂದಿತು. ತಲೆ ಮುರಿಯಿತು ಎಂದುಕೊಂಡೆ. ಅವಳ ಕೈ ಮಾತ್ರ ತಿರುಗುತ್ತಲೇ ಇತ್ತು, ನಿಧಾನವಾಗಿ, ಒತ್ತಡ ಬಿಡದೆ. ಸ್ಕ್ರೂ ಪೂರ್ತಿ ಹೊರಗೆ ಬಂದು ಅವಳ ಅಂಗೈಯಲ್ಲಿ ಬಿತ್ತು.

ಮುಚ್ಚಳ ತೆಗೆದಾಗ ನಾನು ಎದ್ದು ನಿಂತೆ. ಅಲ್ಲಿ ಏನಿರಬಹುದು ಎಂದು ನಾನು ಎಂದೂ ಯೋಚಿಸಿರಲಿಲ್ಲ. ಒಂದು ತಂತಿಯೋ ತಿದಿಯೋ, ಕೊನೆಗೆ ಕಂಚಿನ ಬಿಲ್ಲೆಯಾದರೂ ಇರುತ್ತದೆ ಎಂದು ಮನಸ್ಸಿನ ಮೂಲೆಯಲ್ಲಿ ಇದ್ದಿರಬೇಕು. ಅಂಗೈಯಗಲದ ಒಂದು ಹಸಿರು ಬೋರ್ಡು, ಅದರ ಮೇಲೆ ಬಣ್ಣದ ಪಟ್ಟೆಯ ಕಾಳುಗಳು, ಪಕ್ಕದಲ್ಲಿ ಒಂದು ಸ್ಪೀಕರು, ಒಂದು ಟ್ರಾನ್ಸ್‌ಫಾರ್ಮರು, ಅಷ್ಟೇ. ಅವಳು ಬೋರ್ಡನ್ನು ಎತ್ತಿ ಹಿಂಬದಿ ತೋರಿಸಿದಳು. ನೇಯ್ಗೆಯವರು ಸೀರೆಯನ್ನು ಹಿಂಬದಿ ತಿರುಗಿಸಿ ನೋಡುತ್ತಾರೆ, ಕೆಲಸ ಅಲ್ಲಿ ಕಾಣುತ್ತದೆ. ಇಲ್ಲೂ ಹಾಗೇ ಇತ್ತು. ಬೆಳ್ಳಿಯ ಎಳೆಗಳು ಒಂದನ್ನೊಂದು ಮುಟ್ಟದೆ, ಒಂದರ ಮಗ್ಗುಲಲ್ಲಿ ಒಂದು ಸುತ್ತಿ ಬಳಸಿ ಹೋಗಿದ್ದವು. ಉಸಿರಿಲ್ಲದ ಈ ವಸ್ತುವಿನ ಜೊತೆ ನಾನು ಇಪ್ಪತ್ತೈದು ವರ್ಷ ಉಸಿರು ಕೂಡಿಸಿದ್ದೆ. ಟ್ರಾನ್ಸ್‌ಫಾರ್ಮರಿನಿಂದ ಬರುವ ಒಂದು ತಂತಿ ಬೆಸುಗೆ ಬಿಟ್ಟುಕೊಂಡಿತ್ತು. ರೋಗ ಅಷ್ಟೇ. ಅವಳು ಚಿಟಿಕೆ ಹೊಡೆಯುವಷ್ಟರಲ್ಲಿ ಬೆಸೆದಳು.

ಮುಚ್ಚುವ ಮೊದಲು ಅವಳ ಕಣ್ಣು ಒಂದು ಕಡೆ ನಿಂತಿತು. ಬೋರ್ಡಿನ ಅಂಚಿನಲ್ಲಿ ಜೋಳದ ಕಾಳಿನಷ್ಟು ಒಂದು ಬಿಳಿ ಬಿಲ್ಲೆ, ಅದರ ನಡುವೆ ಕೂದಲೆಳೆಯಂಥ ಸೀಳಿರುವ ಹಿತ್ತಾಳೆಯ ಪುಟ್ಟ ಸ್ಕ್ರೂ. ಅದರ ಮೇಲೆ ಗುಲಾಬಿ ಬಣ್ಣದ ಒಂದು ಹನಿ ಒಣಗಿ ಹೊಳೆಯುತ್ತಿತ್ತು.

"ಕಂಪ್ನಿಯವ್ರು ಹಾಕಿದ್ದಲ್ಲ ಇದು," ಎಂದಳು. "ನೇಲ್ ಪಾಲಿಷ್. ಇದನ್ನ ತಿರುಗಿಸಿದ್ರೆ ಪೆಟ್ಟಿಗೆ ಶ್ರುತಿನೇ ಮೇಲಕ್ಕೆ ಹೋಗ್ತದೆ. ಯಾರೋ ಏರಿಸಿ, ಅಲ್ಲಾಡ್ದಿರ್ಲಿ ಅಂತ ಬೀಗ ಹಾಕವ್ರೆ. ಮೊದ್ಲೇ ಬಿಚ್ಚಿದಾರೆ ಅಮ್ಮಾ ಈ ಪೆಟ್ಟಿಗೆನ, ಒಂದ್ ಸ್ಕ್ರೂನೂ ಕೆಡಿಸ್ದೆ. ಕೈ ಇತ್ತು ಅವ್ರಿಗೆ."

ನಿಮ್ಮಮ್ಮನಿಗೆ ಕೇಳಿ ನೋಡಿ. ಅವಳು ಕಾಲೇಜಿನಲ್ಲಿದ್ದಾಗ ಗುಲಾಬಿ ಬಣ್ಣದ ಒಂದು ಸೀಸೆ ಕಾಣೆಯಾಗಿತ್ತು. ನಾನೇ ಎಸೆದೆ ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಆ ಎರಡು ದಿನ ಯಾವುದು ಎಂದು ನನಗೆ ಆ ಅಂಗಡಿಯಲ್ಲಿ, ಸ್ಟೂಲಿನ ಪಕ್ಕ ನಿಂತುಕೊಂಡು ತಿಳಿಯಿತು. ಪೆಟ್ಟಿಗೆ ಕಾಯುತ್ತಿದೆ, ತಾನಾಗಿ ಏರುತ್ತದೆ ಎಂದು ನಿಮ್ಮ ತಾತ ಹೇಳಿದ್ದ ಎರಡು ದಿನ. ನಾನು ಹಿತ್ತಲಲ್ಲಿದ್ದಾಗಲೋ, ನೀರು ತರಲು ಹೋಗಿದ್ದಾಗಲೋ, ಮಗ್ಗದ ಆ ದಪ್ಪ ಕೈಗಳು ಎಳ್ಳಿನಷ್ಟು ಸ್ಕ್ರೂವನ್ನು ಎಷ್ಟು ಸಲ ತಿರುಗಿಸಿ, ಹಿಂದೆ ಸರಿಸಿ, ಮತ್ತೆ ತಿರುಗಿಸಿರಬೇಕು. ನನ್ನನ್ನು ಹಾಡು ಎಂದು ಕೇಳಿರಲಿಲ್ಲ, ಕೇಳಿದರೆ ಹಾಡುತ್ತಿರಲಿಲ್ಲ ಎಂದು ಗೊತ್ತಿತ್ತು. ಮಗ್ಗದ ಸದ್ದಿನೊಳಗೆ ಕೇಳಿಸಿಕೊಂಡಿದ್ದ ನನ್ನ ದನಿಯನ್ನು ನೆನಪಿಟ್ಟುಕೊಂಡೇ ಆ ಜಾಗ ಹುಡುಕಿದ್ದರು.

ಅದನ್ನು ಮುಟ್ಟಬೇಡಮ್ಮ ಎಂದೆ. ಮುಟ್ಟಲ್ಲ ಎಂದಳು.

ಮುಚ್ಚುವಾಗ ನನ್ನ ಕೈಗೇ ಸ್ಕ್ರೂಡ್ರೈವರ್ ಕೊಟ್ಟಳು. ಮೊದಲು ಎಡಕ್ಕೆ, ಹಿಂದಕ್ಕೆ ತಿರುಗಿಸಿ, ಕಟ್ ಅಂತ ಒಳಗೆ ಕೂರೋದು ಬೆರಳಿಗೆ ಗೊತ್ತಾಗುತ್ತೆ, ಆಮೇಲೆ ಬಲಕ್ಕೆ ಎಂದಳು. ಹಾಗೇ ಮಾಡಿದೆ. ನಿಜವಾಗಿ ಕಟ್ ಎಂದಿತು. ಹಳೆಯ ಜಾಡು ಸಿಕ್ಕಿದರೆ ಅದೇ ನಮ್ಮನ್ನು ಒಳಗೆ ಕರೆದುಕೊಳ್ಳುತ್ತದೆ, ಬಲವೇ ಬೇಡ. ಏಳು ಸ್ಕ್ರೂಗಳನ್ನು ನಾನೇ ಕೂರಿಸಿದೆ. ಎಂಟನೆಯದಕ್ಕೆ ಅವಳು ಡಬ್ಬಿಯಿಂದ ಅದೇ ಅಳತೆಯ ಹೊಸದನ್ನು ಹುಡುಕಿ ಕೊಟ್ಟಳು.

ಪ್ಲಗ್ ಹಾಕಿದಳು. ಕೆಂಪು ದೀಪ ಹತ್ತಿತು, ಪೆಟ್ಟಿಗೆ ಮಾತಾಡಿತು. ನಾನು ಗುಂಡಿಯನ್ನು ಮುಕ್ಕಾಲು ತಿರುಗಿಸಿದೆ. ಸರಿಯಾಗಿದೆಯಾ ಎಂದು ಕೇಳಿದಳು. ಕಿವಿಗೆ ಸರಿ ಎನಿಸಿತು, ಆದರೆ ಮೂರು ತಿಂಗಳು ಕಳೆದಿತ್ತು, ಖಂಡಿತವಾಗಿ ಹೇಳಲಾರೆ ಎಂದೆ. ತನಗೂ ಗೊತ್ತಾಗುವುದಿಲ್ಲ, ತಾನು ಬಿಚ್ಚುವವಳು, ಹಾಡುವವಳಲ್ಲ ಎಂದಳು. ಮನೆಗೆ ಹೋಗಿ ನೋಡುತ್ತೇನೆ ಎನ್ನಬಹುದಿತ್ತು. ಅವಳು ಅಷ್ಟರಲ್ಲಿ ಎದ್ದು ಫ್ಯಾನ್ ಆರಿಸಿದಳು, ರೇ‌ಡಿಯೋ ಆರಿಸಿದಳು, ಒಳಗಿದ್ದ ಅಪ್ಪನಿಗೂ ಸುಮ್ಮನಿರಲು ಹೇಳಿದಳು. ಗಲ್ಲಿಯಲ್ಲಿ ಒಬ್ಬರು ಬಾಳೆಹಣ್ಣಿನ ಗಾಡಿ ನಿಲ್ಲಿಸಿಕೊಂಡು ನೋಡುತ್ತಿದ್ದರು.

ಕರೆಂಟು ಹೋದ ಆ ಮಧ್ಯಾಹ್ನ ಅರ್ಧಕ್ಕೆ ನಿಂತಿದ್ದ ಸಾಲು ಇತ್ತಲ್ಲ, ಅದನ್ನೇ ಎತ್ತಿಕೊಂಡೆ. ಗಂಟಲು ಮೊದಲು ಸ್ವಲ್ಪ ಕೊಸರಾಡಿತು. ಆಮೇಲೆ ಕಟ್ ಎಂದು ಕೂತಿತು. ಸಾಲನ್ನು ಕೊನೆಯವರೆಗೂ ಹಾಡಿದೆ, ಸೆರಗು ಬಾಯಿಗೆ ಹೋಗಲಿಲ್ಲ.

ಅವಳು ಫ್ಯಾನ್ ಹಾಕುವುದನ್ನು ಮರೆತು ನಿಂತಿದ್ದಳು. ಸರಿಯಾಗಿದೆ ಕಣಮ್ಮ ಎಂದು ನಾನೇ ಹೇಳಿದೆ.